ಎಟಿವಿ ಹೀಟ್ ಆಗುತ್ತಿದೆಯೇ? ಥರ್ಮೋಸ್ಟ್ಯಾಟ್ ಬಿಚ್ಚುವ ಮೊದಲು ಕೆಸರು ತೆಗೆಯಿರಿ

ಮೂಡಿಗೆರೆ, ಸಕಲೇಶಪುರ ಕಡೆಯ ಕೆಲವು ಕಾಫಿ ತೋಟಗಳಲ್ಲಿ ಈಗ ಜೀಪಿನ ಪಕ್ಕ ಒಂದು ಎಟಿವಿಯೂ (ಕೆಸರು, ಕಚ್ಚಾದಾರಿಗೆಂದೇ ಮಾಡಿದ ದಪ್ಪ ಟೈರಿನ ಸಣ್ಣ ಗಾಡಿ) ನಿಂತಿರುತ್ತದೆ. ಮಳೆಗಾಲವಿಡೀ ಕೆಸರಲ್ಲಿ ಮಿಂದ ಗಾಡಿಗೆ ಕೊಯ್ಲಿನ ಹೊತ್ತಿಗೆ ಟ್ರೇಲರ್ ಕಟ್ಟಿ ಹಣ್ಣಿನ ಮೂಟೆ ಹೇರುತ್ತಾರೆ. ಎರಡನೇ ಏರಿಗೇ ಟೆಂಪರೇಚರ್ ದೀಪ ಹತ್ತುತ್ತದೆ. ತಕ್ಷಣ ಥರ್ಮೋಸ್ಟ್ಯಾಟ್ (ಎಂಜಿನ್ ಬಿಸಿಯಾದಾಗ ನೀರನ್ನು ರೇಡಿಯೇಟರಿಗೆ ಬಿಡುವ ಕವಾಟ) ಹೊಸದು, ಫ್ಯಾನ್ ಹೊಸದು, ಕೊನೆಗೆ ವಾಟರ್ ಪಂಪಿಗೂ ಕೈ. ನಾನು ಕಂಡ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಬೇಕಾಗಿದ್ದದ್ದು ಒಂದು ಹೋಸ್ ಪೈಪು, ಒಂದು ಟಾರ್ಚು, ಅರ್ಧ ದಿನದ ತಾಳ್ಮೆ.

ಇಲ್ಲಿ ಹೇಳುವುದೆಲ್ಲ ರೇಡಿಯೇಟರ್, ಅಂದರೆ ಎಂಜಿನ್ನಿನ ಬಿಸಿನೀರನ್ನು ಗಾಳಿಗೆ ತಣಿಸುವ ಭಾಗ, ಇರುವ ಗಾಡಿಗಳಿಗೆ. ಬರೀ ಗಾಳಿಗೇ ತಣಿಯುವ ಏರ್ ಕೂಲ್ಡ್ ಎಂಜಿನ್ ಆದರೆ ಆಯಿಲ್ ಮಟ್ಟ ನೋಡಿ, ಸಿಲಿಂಡರ್ ಮೇಲಿನ ರೆಕ್ಕೆಗಳ ಕೆಸರು ಕೆರೆದು ತೆಗೆಯಿರಿ. ಬಹುಪಾಲು ಅಷ್ಟರಲ್ಲೇ ಮುಗಿಯುತ್ತದೆ.

ದೀಪ ಹತ್ತಿದೊಡನೆ ಮಾಡಬೇಕಾದ್ದು: ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ದೂರ ಕೂತುಕೊಳ್ಳಿ. ರೇಡಿಯೇಟರ್ ಕ್ಯಾಪ್ ಮುಟ್ಟಬೇಡಿ. ಒಳಗೆ ಸುಮಾರು 1 ಬಾರ್ ಒತ್ತಡ ಇರುತ್ತದೆ, ಆ ಒತ್ತಡದಲ್ಲಿ ನೀರು 120 ಡಿಗ್ರಿ ಹತ್ತಿರ ಬಂದರೂ ಕುದಿಯುವುದಿಲ್ಲ. ಕ್ಯಾಪ್ ತಿರುಗಿಸಿದ ಕ್ಷಣ ಅಷ್ಟೂ ಒಮ್ಮೆಲೇ ಕುದಿದು ಮುಖಕ್ಕೆ ಹಾರುತ್ತದೆ. ಇದರಲ್ಲೇ ನಮ್ಮ ಮಲೆನಾಡಿನವರಿಗೆ ಇನ್ನೊಂದು ಲೆಕ್ಕವಿದೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿಯಲ್ಲಿ ತೆರೆದ ಪಾತ್ರೆಯ ನೀರು 94 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಅಂದರೆ ಕ್ಯಾಪಿನ ರಬ್ಬರ್ ಸೀಳಿ ಒತ್ತಡ ನಿಲ್ಲದಿದ್ದರೆ, ಬಯಲುಸೀಮೆಯಲ್ಲಿ ಹೇಗೋ ಓಡುವ ಗಾಡಿ ಇಲ್ಲಿ ಬೇಗ ಕೈಕೊಡುತ್ತದೆ. ತಣ್ಣಗಾದ ಮೇಲೆ ಆ ರಬ್ಬರನ್ನು ಉಗುರಿನಿಂದ ಒತ್ತಿ ನೋಡಿ. ಗಟ್ಟಿಯಾಗಿದ್ದರೆ, ಬಿರುಕಿದ್ದರೆ ಹೊಸ ಕ್ಯಾಪ್ ಹಾಕಿ, ಹಳೆಯದರ ಮೇಲೆ ಬರೆದಿರುವ ಒತ್ತಡದ ಅಂಕಿಯದ್ದನ್ನೇ.

ಈಗ ರೇಡಿಯೇಟರ್. ಎಲ್ಲರೂ ಎಡವುವುದು ಇಲ್ಲೇ. ಮುಂದಿನಿಂದ ನೋಡಿ ‘ಕ್ಲೀನ್ ಇದೆ’ ಅನ್ನುತ್ತಾರೆ. ಮುಂದಿನ ಪದರ ಮಳೆಗೇ ತೊಳೆದುಹೋಗಿರುತ್ತದೆ. ಕೆಸರು ಕೂತಿರುವುದು ಒಳಗೆ, ತೆಳು ತಗಡಿನ ಫಿನ್‌ಗಳ ನಡುವೆ, ಹುಲ್ಲಿನ ಬೀಜ, ಸಿಲ್ವರ್ ಓಕ್ ಎಲೆಯ ಚೂರುಗಳ ಜತೆ ಇಟ್ಟಿಗೆಯಂತೆ ಒಣಗಿ. ಮುಂದಿನ ಜಾಲರಿ ತೆಗೆದು, ಹಿಂದಿನಿಂದ ಟಾರ್ಚ್ ಹಿಡಿದು ಮುಂದೆ ಬಂದು ನೋಡಿ. ಬೆಳಕು ಎಲ್ಲಿ ಕಾಣುವುದಿಲ್ಲವೋ ಅಲ್ಲಿ ಗಾಳಿಯೂ ಹೋಗುತ್ತಿಲ್ಲ.

ಎಂಜಿನ್ ಪೂರ್ತಿ ತಣ್ಣಗಿರಬೇಕು. ಸಾಧ್ಯವಿದ್ದರೆ ಫ್ಯಾನ್ ಬಿಚ್ಚಿ ಪಕ್ಕಕ್ಕಿಡಿ, ನಾಲ್ಕು ಬೋಲ್ಟಿನ ಸೋಮಾರಿತನಕ್ಕೆ ಅರ್ಧ ಕೆಲಸ ಉಳಿದುಬಿಡುತ್ತದೆ. ಮೊದಲು ಸಣ್ಣಗೆ ನೀರು ಬಿಟ್ಟು ಅರ್ಧ ಗಂಟೆ ನೆನೆಯಲು ಬಿಡಿ. ಆಮೇಲೆ ಎಂಜಿನ್ ಕಡೆಯಿಂದ ಮುಂದಕ್ಕೆ, ಅಂದರೆ ಗಾಳಿ ಬರುವುದಕ್ಕೆ ಎದುರಾಗಿ, ನೇರವಾಗಿ ನೀರು ಹಾಯಿಸಿ. ಓರೆ ಹಿಡಿದರೆ ಫಿನ್ ಬಾಗುತ್ತದೆ. ಮೊದಲು ಕೆಂಪು ನೀರು, ನಂತರ ಕಪ್ಪು ಎಲೆಚೂರು, ಮತ್ತೆ ಕೆಂಪು ನೀರು. ಇಳಿಯುವ ನೀರು ತಿಳಿಯಾಗುವವರೆಗೂ ನಿಲ್ಲಿಸಬೇಡಿ. ಉಳಿದದ್ದಕ್ಕೆ ಹಳೆಯ ಹಲ್ಲುಜ್ಜುವ ಬ್ರಷ್, ಫಿನ್ ನಿಂತ ದಿಕ್ಕಿಗೇ. ಸರ್ವಿಸ್ ಸ್ಟೇಷನ್ನಿನ ವಾಟರ್ ಗನ್ ಮಾತ್ರ ಹತ್ತಿರ ತರಬೇಡಿ. ತೋಟದ ಸ್ಪ್ರೇ ಪಂಪೂ ಬೇಡ: ಒತ್ತಡ ಜಾಸ್ತಿ ಅನ್ನುವುದು ಒಂದಾದರೆ, ಪೈಪಿನಲ್ಲಿ ಬೋರ್ಡೋ ದ್ರಾವಣ (ಮೈಲುತುತ್ತು, ಸುಣ್ಣದ ಔಷಧ) ಉಳಿದಿದ್ದರೆ ಅದರ ತಾಮ್ರ ರೇಡಿಯೇಟರಿನ ಅಲ್ಯೂಮಿನಿಯಂ ತಿನ್ನುತ್ತದೆ. ಮುಗಿದ ಮೇಲೆ ಮತ್ತೊಮ್ಮೆ ಟಾರ್ಚ್.

ಕೂಲೆಂಟ್ (ರೇಡಿಯೇಟರಿಗೆ ನೀರಿನ ಜತೆ ಹಾಕುವ ದ್ರವ) ಕಡಿಮೆಯಾಗಿದ್ದರೆ ಅಥವಾ ತುಕ್ಕಿನ ಬಣ್ಣ ಬಂದಿದ್ದರೆ ಹೊಸದು ತುಂಬಿ. ಡಿಸ್ಟಿಲ್ಡ್ ವಾಟರ್ ಅರ್ಧ, ಕೂಲೆಂಟ್ ಅರ್ಧ. ರೆಡಿ ಮಿಕ್ಸ್ ಅಂತ ಬರೆದಿದ್ದರೆ ನೀರು ಬೆರೆಸಬೇಡಿ. ಬೋರ್‌ವೆಲ್ ನೀರು ಹಾಕಿದರೆ ಒಳಗೆ ಉಪ್ಪು ಕಟ್ಟುತ್ತದೆ. ಹೆಸರು, ವಿಳಾಸವಿಲ್ಲದ ಡಬ್ಬಿಯ ಹಸಿರು ನೀರನ್ನು ಕಡಿಮೆ ಬೆಲೆಗೆ ಕೊಟ್ಟರೂ ತರಬೇಡಿ, ಅದರಲ್ಲಿ ಬಣ್ಣ ಬಿಟ್ಟರೆ ಏನಿರುತ್ತದೋ. ಸೋರಿಕೆಗೆ ಅರಿಶಿನ ಪುಡಿ ಹಾಕುವ ಹಳೆಯ ಜೀಪಿನ ಉಪಾಯ ಎಟಿವಿಯ ಸಣ್ಣ ಕೊಳವೆಗಳನ್ನು ಕಟ್ಟಿಹಾಕುತ್ತದೆ. ಬಸಿದ ಹಳೆಯ ಕೂಲೆಂಟನ್ನು ಡಬ್ಬಿಗೆ ಹಿಡಿದಿಡಿ. ರುಚಿ ಸಿಹಿಯಾದ್ದರಿಂದ ನಾಯಿ ನೆಕ್ಕುತ್ತದೆ, ಅದು ವಿಷ.

ತುಂಬಿದ ಮೇಲೆ ಒಳಗೆ ಸಿಕ್ಕಿದ ಗಾಳಿ, ಅಂದರೆ ಏರ್, ತೆಗೆಯದೆ ಓಡಿಸುವುದು ಎರಡನೇ ದೊಡ್ಡ ತಪ್ಪು. ಪಂಪ್‌ಸೆಟ್ಟಿನ ಏರ್ ತೆಗೆಯಲು ಬರುವವರಿಗೆ ಇದೇನೂ ಕಷ್ಟವಲ್ಲ. ಮುಂದಿನ ಚಕ್ರಗಳು ಮೇಲಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಕ್ಯಾಪ್ ತೆಗೆದಿಟ್ಟು ನಿಧಾನ ತುಂಬುತ್ತ, ಮೇಲಿನ ಹೋಸನ್ನು ಕೈಯಲ್ಲಿ ಹಿಂಡಿ. ಗುಳುಗುಳು ಅಂತ ಗುಳ್ಳೆ ಬರುತ್ತದೆ. ಗಾಳಿ ಬಿಡಲೆಂದೇ ಇರುವ ಬ್ಲೀಡ್ ಸ್ಕ್ರೂ ಇರುವ ಮಾಡೆಲ್ ಆದರೆ ಅದನ್ನು ಸಡಿಲಿಸಿ, ಗುಳ್ಳೆಯಿಲ್ಲದ ಧಾರೆ ಬಂದ ಮೇಲೆ ಬಿಗಿ ಮಾಡಿ. ನಂತರ ಐಡಲಿಂಗ್‌ನಲ್ಲಿ ಓಡಲಿ. ಥರ್ಮೋಸ್ಟ್ಯಾಟ್ ತೆರೆದಾಗ ಮಟ್ಟ ತಟ್ಟನೆ ಇಳಿಯುತ್ತದೆ, ಆಗ ಇನ್ನಷ್ಟು ಹಾಕಿ, ಕ್ಯಾಪ್ ಮುಚ್ಚಿ. ಮರುದಿನ ಬೆಳಗ್ಗೆ ತಣ್ಣಗಿರುವಾಗ ಮತ್ತೆ ಮಟ್ಟ ನೋಡಿ.

ಫ್ಯಾನ್ ತಿರುಗದಿದ್ದರೆ ಫ್ಯೂಸ್, ಆಮೇಲೆ ಕನೆಕ್ಟರಿನ ತುಕ್ಕು, ಆಮೇಲೆ ಬ್ಯಾಟರಿಯಿಂದ ನೇರ ವೈರ್ ಕೊಟ್ಟು ಪರೀಕ್ಷೆ. ನೇರ ಕೊಟ್ಟಾಗ ತಿರುಗಿದರೆ ತಪ್ಪು ಸೆನ್ಸರ್ ಅಥವಾ ರಿಲೇಯದ್ದು. ಥರ್ಮೋಸ್ಟ್ಯಾಟನ್ನು ಒಲೆಯ ಮೇಲಿನ ನೀರಲ್ಲಿ ಇಳಿಬಿಟ್ಟರೆ ಕುದಿ ಬರುವ ಮೊದಲೇ ಬಾಯಿ ಬಿಡಬೇಕು. ಅದನ್ನು ಕಿತ್ತೆಸೆದು ಓಡಿಸಿ ಅನ್ನುವ ಮೆಕ್ಯಾನಿಕ್ ಮಾತು ಕೇಳಬೇಡಿ.

ಟ್ರೇಲರ್ ಎಳೆಯುವಾಗ, ಏರು ಹತ್ತುವಾಗ ಗೇರ್ ‘ಲೋ’ದಲ್ಲೇ ಇರಲಿ. ‘ಹೈ’ಯಲ್ಲಿ ತೆವಳಿಸಿದರೆ ಎಂಜಿನ್ ಜತೆ ಅದರ ಶಕ್ತಿಯನ್ನು ಚಕ್ರಕ್ಕೆ ಮುಟ್ಟಿಸುವ ಬೆಲ್ಟೂ ಬಿಸಿಯಾಗುತ್ತದೆ.

ಇಷ್ಟಾದರೂ ರೇಡಿಯೇಟರಿನಲ್ಲಿ ಗುಳ್ಳೆ ನಿಲ್ಲದೆ, ಸೈಲೆನ್ಸರಿನಲ್ಲಿ ಬಿಳಿ ಹೊಗೆ ಬಂದು, ಡಿಪ್‌ಸ್ಟಿಕ್ಕಿನ ಆಯಿಲ್ ಕದಡಿ ಬೆಳ್ಳಗಾಗಿದ್ದರೆ ಹೆಡ್ ಗ್ಯಾಸ್ಕೆಟ್ (ಸಿಲಿಂಡರ್, ಅದರ ಮೇಲಿನ ಹೆಡ್ಡು, ಇವುಗಳ ನಡುವಿನ ಸೀಲು) ಹೋಗಿದೆ. ಸ್ಟಾರ್ಟ್ ಮಾಡದೆ ಪಿಕಪ್‌ಗೆ ಹೇರಿ ಗ್ಯಾರೇಜಿಗೆ ಕಳಿಸಿ. ‘ಊರವರೆಗೆ ಹೇಗೋ ಓಡಿಸಿಕೊಂಡು ಹೋಗೋಣ’ ಅಂದರೆ ಹೆಡ್ಡೇ ಬಾಗಿ ಹೋದೀತು.