ಕಾರವಾರದಲ್ಲಿ ಬಿಟ್‌ಕಾಯಿನ್ ಮೈನಿಂಗ್: ವೈರಿಂಗ್‌ನಿಂದ ಪೂಲ್‌ವರೆಗೆ

ಮೊದಲು ಕರೆಂಟಿನ ಲೆಕ್ಕ. ಲೆಕ್ಕ ಬಿಡಿಸಿ ಬಿಟ್‌ಕಾಯಿನ್ ಎಂಬ ಡಿಜಿಟಲ್ ಹಣ ಗಳಿಸುವ (ಮೈನಿಂಗ್) ಯಂತ್ರ ಆಂಟ್‌ಮೈನರ್ ಎಸ್19 ಸುಮಾರು 3250 ವ್ಯಾಟ್ ಎಳೆಯುತ್ತದೆ. ದಿನಕ್ಕೆ 78 ಯೂನಿಟ್. ತಿಂಗಳ ಬಿಲ್ ಗಳಿಕೆಯನ್ನು ಮೀರುವಂತಿದ್ದರೆ ಮುಂದಿನದನ್ನು ಓದಬೇಕಾಗಿಲ್ಲ! ಲೋಡ್ ಹೆಚ್ಚಿಸಲು ಹೆಸ್ಕಾಂ ಕಚೇರಿಯಲ್ಲಿ ಮೊದಲೇ ಅರ್ಜಿ ಕೊಡಿ. 230 ವೋಲ್ಟ್‌ನಲ್ಲಿ ಸತತ 14 ಆಂಪ್ಸ್ ಹರಿಯುವುದರಿಂದ ಪ್ರತ್ಯೇಕ ಲೈನ್, 4 ಚದರ ಮಿ.ಮೀ. ತಾಮ್ರದ ವೈರ್, 20 ಆಂಪ್ಸ್ ಎಂಸಿಬಿ, ಸರಿಯಾದ ಅರ್ತಿಂಗ್ ಬೇಕು. ಎಕ್ಸ್‌ಟೆನ್ಷನ್ ಬೋರ್ಡ್ ಬೇಡವೇ ಬೇಡ, ಕರಗುತ್ತದೆ. ಪವರ್ ಕಾರ್ಡ್ ಎರಡನ್ನೂ ಸಿಕ್ಕಿಸಿ.

ಇಲ್ಲಿ ದೊಡ್ಡ ಶತ್ರು ಉಪ್ಪುಗಾಳಿ. ಫ್ಯಾನ್ ಎಳೆದುಕೊಳ್ಳುವ ಉಪ್ಪು ಬೋರ್ಡಿನ ಮೇಲೆ ಕೂತು, ತೇವ ಹೀರಿ, ಬೆಸುಗೆಯನ್ನು ತಿನ್ನುತ್ತದೆ. ಕಡಲ ಕಡೆಯ ಕಿಟಕಿಯಿಂದ ಗಾಳಿ ಕೊಡಬೇಡಿ. ಒಳಬರುವ ಗಾಳಿಗೆ ಫಿಲ್ಟರ್ ಹಾಕಿ, ಬಿಸಿಗಾಳಿಯನ್ನು ಪೈಪಿನಲ್ಲಿ ಹೊರಹಾಕಿ. ಮಳೆಗಾಲದಲ್ಲಿ ಓಡುತ್ತಿರುವ ಯಂತ್ರಕ್ಕಿಂತ ನಿಂತ ಯಂತ್ರವೇ ಬೇಗ ಕೆಡುತ್ತದೆ, ಏಕೆಂದರೆ ತೇವ ಆರಿಸಲು ಬಿಸಿಯಿಲ್ಲ. ದಿನಗಟ್ಟಲೆ ನಿಂತಿದ್ದರೆ ಒಣಗಿಸಿಯೇ ಚಾಲೂ ಮಾಡಿ.

ಪೂಲ್ ಎಂದರೆ ಹಲವರು ಯಂತ್ರಗಳನ್ನು ಒಟ್ಟುಗೂಡಿಸಿ ಗಳಿಕೆ ಹಂಚಿಕೊಳ್ಳುವ ಗುಂಪು. ಸೇರುವುದು ಸುಲಭ. ಖಾತೆ ತೆರೆದು, ರೂಟರ್‌ನಲ್ಲಿ ಯಂತ್ರದ ಐಪಿ ವಿಳಾಸ ಹುಡುಕಿ, ಬ್ರೌಸರ್‌ನಲ್ಲಿ ತೆರೆಯಿರಿ. ಮೊದಲು ಡೀಫಾಲ್ಟ್ ಪಾಸ್‌ವರ್ಡ್ ಬದಲಿಸಿ. ನಂತರ ಪೂಲಿನ ಸ್ಟ್ರಾಟಮ್ ವಿಳಾಸ (ಯಂತ್ರ ಸಂಪರ್ಕಿಸುವ ಸರ್ವರ್ ವಿಳಾಸ) ಮತ್ತು ಪೋರ್ಟ್, ಬಳಕೆದಾರರ ಖಾನೆಯಲ್ಲಿ ಖಾತೆ ಹೆಸರು, ನಡುವೆ ಚುಕ್ಕಿ, ಯಂತ್ರದ ಹೆಸರು ತುಂಬಿ. ಮೊದಲ ಪೂಲ್ ಕೈಕೊಟ್ಟರೆ ಇರಲಿ ಎಂದು ಎರಡನೇ ಸಾಲಿನಲ್ಲಿ ಬೇರೆ ಪೂಲ್ ಇಡಿ. ಆಗಾಗ ಯಂತ್ರ ನಿಲ್ಲುವವರಿಗೆ ಪೂಲಿಗೆ ಬ್ಲಾಕ್ ಸಿಕ್ಕಾಗ ಇತ್ತೀಚಿನ ಕೆಲಸಕ್ಕೆ ಮಾತ್ರ ಹಣ ಹಂಚುವ ಪಿಪಿಎಲ್‌ಎನ್‌ಎಸ್‌ಗಿಂತ, ಕಳಿಸಿದ ಪ್ರತಿ ಶೇರ್‌ಗೂ (ಯಂತ್ರ ಮಾಡಿದ ಕೆಲಸದ ಪುರಾವೆ) ಹಣ ಕೊಡುವ ಎಫ್‌ಪಿಪಿಎಸ್ ಪಾವತಿ ವಾಸಿ. ರಿಜೆಕ್ಟೆಡ್ ಶೇರ್‌ಗಳು (ಪೂಲ್ ಒಪ್ಪದೆ ತಿರಸ್ಕರಿಸಿದವು) ಹೆಚ್ಚಿದರೆ ಹತ್ತಿರದ ಸರ್ವರ್ ಆರಿಸಿ.