ಎರಡನೆಯ ಡೋಸ್ ತಪ್ಪದಿರಲಿ: ಲ್ಯಾಟಿನೊ ಕುಟುಂಬಗಳೊಂದಿಗೆ ಎಚ್‌ಪಿವಿ ಲಸಿಕೆಯ ಮಾತು

ಟೆಕ್ಸಾಸ್‌ನ ದಕ್ಷಿಣ ತುದಿಯಲ್ಲಿ, ಮೆಕ್ಸಿಕೊ ಗಡಿಗೆ ಅಂಟಿಕೊಂಡಿರುವ ರಿಯೊ ಗ್ರಾಂಡೆ ಕಣಿವೆಯ ಮಕ್ಕಳ ಕ್ಲಿನಿಕ್ ಒಂದರಲ್ಲಿ ನಾನು ನರ್ಸ್. ಲೈಂಗಿಕ ಸಂಪರ್ಕದಿಂದ ಹರಡಿ ಗರ್ಭಕೊರಳಿನ ಕ್ಯಾನ್ಸರ್ ತರಬಲ್ಲ ವೈರಸ್ ಎಚ್‌ಪಿವಿ, ಅದನ್ನು ತಡೆಯುವ ಲಸಿಕೆಯನ್ನು ಇಲ್ಲಿ ಮಕ್ಕಳಿಗೆ ಕೊಡುತ್ತೇವೆ. ಇಂತಹ ಕ್ಲಿನಿಕ್‌ಗಳಿಗೆ ಹೊಸದಾಗಿ ಬರುವ ಕನ್ನಡದ ನರ್ಸ್‌ಗಳು, ವೈದ್ಯರು ನನ್ನನ್ನು ಕೇಳುವುದುಂಟು: ‘ಇಲ್ಲಿನ ತಾಯಂದಿರು ಎಚ್‌ಪಿವಿ ಲಸಿಕೆಗೆ ಒಪ್ಪುತ್ತಾರೆಯೇ?’ ಒಪ್ಪುತ್ತಾರೆ. ಆ ಅನುಮಾನವನ್ನು ಮೊದಲು ಬಿಡಿ. ಮೊದಲ ಡೋಸ್ ಪಡೆಯುವುದರಲ್ಲಿ ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದ) ಮಕ್ಕಳು ಬಿಳಿಯರ ಮಕ್ಕಳಿಗಿಂತ ಮುಂದಿದ್ದುದನ್ನು ಅಮೆರಿಕದ ರಾಷ್ಟ್ರೀಯ ಸಮೀಕ್ಷೆಗಳೇ ತೋರಿಸಿವೆ. ಎಡವುವುದು ಎರಡು ಕಡೆ: ನಾವು ಸ್ಪಷ್ಟವಾಗಿ ಹೇಳದಿದ್ದಾಗ, ಮತ್ತು ಎರಡನೆಯ ಡೋಸ್‌ನಲ್ಲಿ. ಗರ್ಭಕೊರಳಿನ ಕ್ಯಾನ್ಸರ್ ಲ್ಯಾಟಿನಾ ಮಹಿಳೆಯರಲ್ಲಿ ಬಿಳಿಯ ಮಹಿಳೆಯರಿಗಿಂತ ಹೆಚ್ಚು. ಹಾಗಾಗಿ ತಪ್ಪಿದ ಒಂದೊಂದು ಡೋಸ್ ಕೂಡ ನನ್ನನ್ನು ಕಾಡುತ್ತದೆ.

ಟೆಕ್ಸಾಸ್‌ನಲ್ಲಿ 7ನೆಯ ತರಗತಿಗೆ ಟಿಡ್ಯಾಪ್ (ಧನುರ್ವಾಯು, ಡಿಫ್ತೀರಿಯಾ, ನಾಯಿಕೆಮ್ಮಿನ ಲಸಿಕೆ) ಮತ್ತು ಮೆನಿಂಜೈಟಿಸ್ ಲಸಿಕೆ ಕಡ್ಡಾಯ, ಎಚ್‌ಪಿವಿ ಅಲ್ಲ. 2007ರಲ್ಲಿ ರಾಜ್ಯಪಾಲ ರಿಕ್ ಪೆರಿ ಹುಡುಗಿಯರಿಗೆ ಅದನ್ನು ಕಡ್ಡಾಯ ಮಾಡಲು ಹೊರಟರು, ಶಾಸನಸಭೆ ತಡೆಯಿತು. ಆದ್ದರಿಂದ ತಾಯಿ ‘ಇದು ಶಾಲೆಗೆ ಬೇಕೇ?’ ಎಂದೇ ಕೇಳುತ್ತಾಳೆ. ‘ಇಲ್ಲ, ನಿಮ್ಮ ಇಷ್ಟ’ ಎಂದಿರೋ, ಮಾತು ಅಲ್ಲಿಗೆ ಮುಗಿಯಿತು. ಬದಲಿಗೆ ಮೂರನ್ನೂ ಒಂದೇ ಉಸಿರಿನಲ್ಲಿ, ಎಚ್‌ಪಿವಿಯನ್ನು ನಡುವೆ ಇಟ್ಟು ಹೇಳಿ: ‘ಇಂದು ಇವನಿಗೆ ಟಿಡ್ಯಾಪ್, ಕ್ಯಾನ್ಸರ್ ತಡೆಯುವ ಎಚ್‌ಪಿವಿ, ಮೆನಿಂಜೈಟಿಸ್ ಲಸಿಕೆ ಕೊಡುತ್ತೇವೆ.’ ಹೇಳಿ ಸುಮ್ಮನಿರಿ, ಪ್ರಶ್ನೆ ಬಂದರೆ ಉತ್ತರಿಸಿ. ಶಿಫಾರಸು ಮಾಡುವವರ ದನಿಯಲ್ಲಿ ಹಿಂಜರಿಕೆ ಇದ್ದರೆ ಕೇಳುವವರಲ್ಲೂ ಅದೇ ಹುಟ್ಟುತ್ತದೆ.

ಮಾತು ಸ್ಪ್ಯಾನಿಷ್‌ನಲ್ಲಿರಲಿ, ತಾಯಿಯನ್ನು ‘ಉಸ್ತೆದ್’ (ಗೌರವದ ‘ನೀವು’) ಎಂದೇ ಸಂಬೋಧಿಸಿ. ಭಾಷೆ ಬಾರದಿದ್ದರೆ ತರಬೇತಾದ ದುಭಾಷಿಯನ್ನು ಕರೆಯಿರಿ. ಹನ್ನೊಂದರ ಹುಡುಗಿಯ ಕೈಯಲ್ಲಿ ಅವಳದೇ ಲಸಿಕೆಯ ವಿಷಯವನ್ನು ಅಮ್ಮನಿಗೆ ಅನುವಾದ ಮಾಡಿಸಬೇಡಿ. ಲೈಂಗಿಕ ಸೋಂಕಿನ ಮಾತು ಬಂದೊಡನೆ ಮಗು ತಲೆ ತಗ್ಗಿಸಿ ನೆಲ ನೋಡುತ್ತದೆ, ಅರ್ಧ ವಿಷಯ ಅಲ್ಲಿಯೇ ಉಳಿಯುತ್ತದೆ.

ತಾಯಿ ತಲೆಯಾಡಿಸಿದರೆ ಒಪ್ಪಿದಳು ಎಂದುಕೊಳ್ಳಬೇಡಿ. ವೈದ್ಯರ ಮೇಲಿನ ಗೌರವಕ್ಕೂ ತಲೆಯಾಡಿಸುವುದುಂಟು. ‘ಮನಸ್ಸಿನಲ್ಲಿ ಏನಾದರೂ ಅಳುಕಿದೆಯೇ, ಸೆನ್ಯೊರಾ?’ ಎಂದು ಕೇಳಿ. ಒಬ್ಬ ತಾಯಿ ಕೈಚೀಲದ ಜಿಪ್ಪನ್ನು ಎಳೆಯುತ್ತ, ಬಿಡುತ್ತ ಕೊನೆಗೆ ಕೇಳಿದ್ದು ಇಷ್ಟೇ: ‘ಇದನ್ನು ಹಾಕಿಸಿದರೆ ಅವಳು ದಾರಿ ತಪ್ಪುವುದಿಲ್ಲವೇ?’ ತಪ್ಪುವುದಿಲ್ಲ. ಲಸಿಕೆ ಪಡೆದ ಮಕ್ಕಳು ಬೇಗ ಲೈಂಗಿಕ ಸಂಬಂಧಕ್ಕೆ ಇಳಿಯುವುದಿಲ್ಲ ಎಂಬುದನ್ನು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಈ ವಯಸ್ಸಿನಲ್ಲಿ ದೇಹ ಹೆಚ್ಚು ಪ್ರತಿಕಾಯ ಕಟ್ಟುತ್ತದೆ, ವೈರಸ್ ಎದುರಾಗುವ ಮೊದಲೇ ಕೊಟ್ಟರೆ ಫಲ ಪೂರ್ತಿ ಎಂದು ವಿವರಿಸಿ. ‘ಗಂಡನನ್ನು ಕೇಳಬೇಕು’ ಎಂದರೆ ಆಗಲೇ ಫೋನ್ ಮಾಡಿಸಿ, ಸ್ಪೀಕರ್‌ನಲ್ಲಿ ನೀವೇ ಮಾತಾಡಿ.

ಮಗ ಇದ್ದರೆ ಇನ್ನೊಂದು ಮಾತು. ಮೆಕ್ಸಿಕೊದಲ್ಲಿ ಈ ಲಸಿಕೆ ಬಹುಕಾಲ ಐದನೆಯ ತರಗತಿಯ ಹುಡುಗಿಯರಿಗೆ ಮಾತ್ರ ಸಿಗುತ್ತಿತ್ತು. ಹಾಗಾಗಿ ‘ಗಂಡುಮಗುವಿಗೇಕೆ?’ ಎಂಬ ಪ್ರಶ್ನೆ ಸಹಜ. ಎಚ್‌ಪಿವಿಯಿಂದ ಬರುವ ಗಂಟಲಿನ ಕ್ಯಾನ್ಸರ್ ಅಮೆರಿಕದಲ್ಲಿ ಹೆಚ್ಚಾಗಿ ಗಂಡಸರಿಗೇ ಬರುತ್ತದೆ, 2009ರಿಂದ ಹುಡುಗರಿಗೂ ಇಲ್ಲಿ ಈ ಲಸಿಕೆಗೆ ಅನುಮತಿ ಇದೆ.

ಹಣದ ವಿಷಯವನ್ನು ಅವರು ಕೇಳುವವರೆಗೆ ಕಾಯಬೇಡಿ, ಸಂಕೋಚದಿಂದ ಕೇಳದೆಯೇ ಹೋಗಿಬಿಡುತ್ತಾರೆ. ವಿಮೆ ಇಲ್ಲದ ಅಥವಾ ಕಡಿಮೆ ಆದಾಯದವರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇಡ್‌ಗೆ ಅರ್ಹರಾದ 18 ವರ್ಷದವರೆಗಿನ ಮಕ್ಕಳಿಗೆ 1994ರಲ್ಲಿ ಶುರುವಾದ ‘ವ್ಯಾಕ್ಸೀನ್ಸ್ ಫಾರ್ ಚಿಲ್ಡ್ರನ್’ ಯೋಜನೆಯಲ್ಲಿ ಲಸಿಕೆ ಉಚಿತ. ಚುಚ್ಚುವ ಶುಲ್ಕ ಕೊಡಲಾಗದಿದ್ದರೂ ವಾಪಸು ಕಳಿಸುವಂತಿಲ್ಲ. ಈ ಯೋಜನೆಗೆ ವಲಸೆಯ ಕಾಗದಪತ್ರ ಬೇಕಿಲ್ಲ ಎಂಬುದನ್ನು ಬಿಡಿಸಿ ಹೇಳಿ.

ಈಗ ಎರಡನೆಯ ಡೋಸ್. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಪ್ರಕಾರ 9ರಿಂದ 12 ವರ್ಷದೊಳಗೆ ಶುರುಮಾಡಬೇಕು. ಹದಿನೈದು ತುಂಬುವ ಮೊದಲು ಶುರುಮಾಡಿದರೆ 6ರಿಂದ 12 ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲಾದರೆ ಮೂರು. ನಾನು ಕಿನ್ಸೆಯನ್ಯೆರಾವನ್ನೇ ಗಡುವಾಗಿ ಹೇಳುತ್ತೇನೆ. ಮಗಳ ಹದಿನೈದನೆಯ ಹುಟ್ಟುಹಬ್ಬಕ್ಕೆ ವರ್ಷಗಳ ಮೊದಲೇ ತಯಾರಿ ನಡೆಸುವ ತಾಯಂದಿರು ಆ ದಿನವನ್ನು ಮರೆಯುವುದಿಲ್ಲ. ಇಲ್ಲಿಂದ ಕೆಲವು ಕುಟುಂಬಗಳು ಬೇಸಿಗೆಯಲ್ಲಿ ಹೊಲದ ಕೆಲಸಕ್ಕೆ ಉತ್ತರದ ರಾಜ್ಯಗಳಿಗೆ ಹೋಗುತ್ತವೆ. ಆ ತಿಂಗಳುಗಳನ್ನು ಕೇಳಿ ತಿಳಿದುಕೊಂಡೇ ಮುಂದಿನ ದಿನಾಂಕ ಬರೆಯಿರಿ, ಕಾರ್ಡು ಜೊತೆಗಿಟ್ಟುಕೊಳ್ಳಲು ಹೇಳಿ. ತಡವಾದರೂ ಮೊದಲಿನಿಂದ ಶುರುಮಾಡಬೇಕಿಲ್ಲ.

ನೆನಪಿಸುವ ಕೆಲಸವನ್ನು ಪ್ರೊಮೊಟೊರಾಗಳಿಗೆ ಒಪ್ಪಿಸಿ. ಗಡಿಯ ಬಡ ವಸತಿಗಳಾದ ಕೊಲೊನಿಯಾಗಳಲ್ಲಿ ಮನೆಮನೆಗೆ ಹೋಗುವ, ಅದೇ ಬೀದಿಯ ಹೆಂಗಸರು ಅವರು. ನಮ್ಮ ಆಶಾ ಕಾರ್ಯಕರ್ತೆಯರನ್ನು ಕಂಡವರಿಗೆ ಅವರ ಬೆಲೆ ಹೇಳಿಕೊಡಬೇಕಿಲ್ಲ. ಚುಚ್ಚಿದ ಮೇಲೆ ತಲೆಸುತ್ತು ಬರಬಹುದೆಂದು ಮಗುವನ್ನು 15 ನಿಮಿಷ ಕೂರಿಸುತ್ತೇವಲ್ಲ, ಆ ಹೊತ್ತಿನಲ್ಲಿಯೇ ರಾಜ್ಯದ ಲಸಿಕೆ ದಾಖಲೆಯಾದ ಇಮ್‌ಟ್ರ್ಯಾಕ್2ರ ಒಪ್ಪಿಗೆ ಪತ್ರಕ್ಕೆ ತಾಯಿಯ ಸಹಿ ಪಡೆಯಿರಿ, ಎರಡನೆಯ ಡೋಸ್‌ನ ದಿನಾಂಕವನ್ನು ಅವಳ ಮೊಬೈಲ್‌ನಲ್ಲಿ ಹಾಕಿಸಿ.