ಬಾರದವರ ಪಟ್ಟಿ

ನಮ್ಮ ಕ್ಲಿನಿಕ್ಕಿನ ಬಿ.ಪಿ. ರೋಗಿಗಳಲ್ಲಿ ಈಗ ಹತ್ತಕ್ಕೆ ಆರು ಮಂದಿ 140/90ರ ಕೆಳಗಿದ್ದಾರೆ. ಮೊದಲು ಮೂವರಿದ್ದರೆ ಹೆಚ್ಚು. ಔಷಧಿ ಹೊಸದೇನಲ್ಲ, ಅದೇ ಆಮ್ಲೋಡಿಪಿನ್, ಅದೇ ಟೆಲ್ಮಿಸಾರ್ಟನ್. ಹೊಸದೆಂದರೆ ರೋಗಿಗಳ ದಾಖಲೆಯನ್ನು ಕಂಪ್ಯೂಟರಿನಲ್ಲಿ ಇಡತೊಡಗಿದ್ದು. "ಕಂಪ್ಯೂಟರಿನಿಂದ ಬಿ.ಪಿ. ಇಳಿಯುತ್ತದೆಯೇ ಡಾಕ್ಟರೇ?" ಎಂದು ನಕ್ಕಿದ್ದ ಮಿತ್ರರೇ ಈಗ ತಮ್ಮ ಸಿಸ್ಟರ್‌ಗಳನ್ನು ನಮ್ಮಲ್ಲಿಗೆ ಕಲಿಯಲು ಕಳಿಸುತ್ತಿದ್ದಾರೆ.

ಮೊದಲು ಒಂದು ಕಂಪನಿಯ ತಂತ್ರಾಂಶಕ್ಕೆ ಒಂದೂಕಾಲು ಲಕ್ಷದಷ್ಟು ಸುರಿದೆ, ವರ್ಷದ ನಿರ್ವಹಣೆ ಬೇರೆ. ಬಿಲ್ಲು ಅಂದವಾಗಿ ಬರುತ್ತಿತ್ತು. ಕಳೆದ ತಿಂಗಳು ಬರಬೇಕಿದ್ದು ಬಾರದವರು ಯಾರೆಂದು ಹುಡುಕಿದರೆ ಮಾತ್ರ ಏನೂ ಸಿಗುತ್ತಿರಲಿಲ್ಲ. ಬಿಡುತ್ತೇನೆಂದಾಗ ನಮ್ಮದೇ ಮಾಹಿತಿಯನ್ನು ನಮಗೆ ಕೊಡಲು ಮತ್ತೆ ದುಡ್ಡು ಕೇಳಿದರು! ಈಗಿರುವುದು ರೋಗಿಗಳ ದಾಖಲೆ ಇಡುವ ಮುಕ್ತ ತಂತ್ರಾಂಶ ಓಪನ್‌ಎಂಆರ್‌ಎಸ್. ತಂತ್ರಾಂಶ ಉಚಿತ, ಹಳೆಯ ಸರ್ವರ್, ಯುಪಿಎಸ್ ಮತ್ತು ಲಿನಕ್ಸ್ ಬಲ್ಲ ಹುಡುಗನಿಗೆ ಸೇರಿ ಅರವತ್ತು ಸಾವಿರ ಹೋಗಿರಬೇಕು.

ನಾನು ಟೈಪ್ ಮಾಡುವುದಿಲ್ಲ. ರೋಗಿ ಒಳಗೆ ಬರುವ ಮೊದಲೇ ಸಿಸ್ಟರ್ ಐದೇ ಐದು ಅಂಕಣ ತುಂಬಿರುತ್ತಾರೆ. ಆರನೆಯದನ್ನು ಸೇರಿಸಿದ ವಾರವೇ ಅರ್ಧ ದಾಖಲೆಗಳು ಖಾಲಿ ಉಳಿದವು, ತೆಗೆಸಿದೆ.

ಕೆಲವು ತಿಂಗಳ ಅಂಕಿಗಳನ್ನು ಒಟ್ಟಿಗೆ ನೋಡಿದಾಗ ಇಡೀ ತಾಲ್ಲೂಕಿನ ರಕ್ತದೊತ್ತಡ ಸೊನ್ನೆಯಲ್ಲೇ ಮುಗಿಯುತ್ತಿತ್ತು: 130/80, 140/90, 150/90. ಅಂದರೆ ಅಳೆದವರು ಅಂದಾಜಿನಲ್ಲಿ ಸುತ್ತಂಕಿ ಬರೆಯುತ್ತಿದ್ದರು. ಪಾದರಸದ ಉಪಕರಣ ಬದಿಗಿಟ್ಟು ಎರಡು ಡಿಜಿಟಲ್ ಯಂತ್ರ ತಂದೆ. ನಿಯಂತ್ರಣದಲ್ಲಿದ್ದವರ ಸಂಖ್ಯೆ ಒಮ್ಮೆಲೇ ಕುಸಿಯಿತು. ಮೇಲೆ ಹೇಳಿದ ಹತ್ತಕ್ಕೆ ಮೂರು ಆಗ ಸಿಕ್ಕ ಲೆಕ್ಕ.

ನಿಜವಾದ ಕೆಲಸ ಮಾಡಿದ್ದು ಸೋಮವಾರದ ಪಟ್ಟಿ: ಮಾತ್ರೆ ಮುಗಿದು ವಾರ ಕಳೆದರೂ ಬಾರದವರು. ಎಸ್‌ಎಂಎಸ್ ಕಳಿಸಿದರೆ ಯಾರೂ ಓದುವುದಿಲ್ಲ. ಸಿಸ್ಟರ್ ಫೋನ್ ಮಾಡಿ "ಅಮ್ಮ, ಮಾತ್ರೆ ಮುಗಿದಿರಬೇಕಲ್ಲ, ಯಾವಾಗ ಬರುತ್ತೀರಿ?" ಎಂದರೆ ಅರ್ಧದಷ್ಟು ಜನ ಬರುತ್ತಾರೆ. ಬೆಂಗಳೂರಿನಲ್ಲಿರುವ ಮಗನಿಗೆ ಫೋನ್ ಮಾಡಿದರೆ ಇನ್ನೂ ಬೇಗ. ಅದಕ್ಕೆ ರೋಗಿಯ ಒಪ್ಪಿಗೆಯನ್ನು ನೋಂದಣಿಯಲ್ಲೇ ಪಡೆದಿರುತ್ತೇವೆ. ರಾಗಿ ಕೊಯ್ಲಿನ ಕಾಲದಲ್ಲಿ ಯಾವ ಫೋನೂ ನಾಟುವುದಿಲ್ಲ, ಹಾಗಾಗಿ ಆಗ ಎರಡು ತಿಂಗಳ ಮಾತ್ರೆ ಒಟ್ಟಿಗೆ ಬರೆದುಕೊಡುತ್ತೇನೆ.

ಒಂದೇ ಊರಿನ ಐವರು ಲಕ್ಷ್ಮಮ್ಮಂದಿರನ್ನು ಬೇರ್ಪಡಿಸುವುದು ದೊಡ್ಡ ತಲೆನೋವು. ಸರ್ಕಾರದ ಆರೋಗ್ಯ ಗುರುತಿನ ಸಂಖ್ಯೆಯಾದ ಆಭಾದ ಹದಿನಾಲ್ಕು ಅಂಕಿ ಯಾರ ಬಳಿಯೂ ಇರುವುದಿಲ್ಲ, ಮೊಬೈಲ್ ಮೊಮ್ಮಗನದ್ದು. ಸಿಸ್ಟರ್ ಕೇಳುವ ಒಂದು ಪ್ರಶ್ನೆಯಿದೆ, ಗೊಂದಲ ಅಲ್ಲಿಗೇ ಮುಗಿಯುತ್ತದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬಂದು ನೋಡಿ.

ಸಕ್ಕರೆ ಕಾಯಿಲೆಯವರಿಗೂ ಒಂದು ಸಣ್ಣ ಪ್ರಯೋಗ ಮಾಡಿದೆ. ಇಜಿಎಫ್‌ಆರ್ (ಮೂತ್ರಪಿಂಡದ ಸೋಸುವ ಶಕ್ತಿಯ ಅಳತೆ) 30ಕ್ಕಿಂತ ಇಳಿದು, ಕೊಡಬಾರದ ಸ್ಥಿತಿಯಲ್ಲಿದ್ದೂ ಮೆಟ್‌ಫಾರ್ಮಿನ್ ನುಂಗುತ್ತಿರುವವರ ಹೆಸರು ಕೆಂಪಾಗುವಂತೆ ಮಾಡಿಸಿದಾಗ ಮೊದಲ ದಿನವೇ ನಾಲ್ಕೈದು ಹೆಸರು ಕೆಂಪಾದವು. ಹೆಚ್ಚಿನವರು ಬೇರೆ ಕಡೆಯ ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ನೇರವಾಗಿ ಕೊಳ್ಳುತ್ತಿದ್ದರು. ಈಗ ಅಂಗಡಿಯವನಿಗೂ ಆ ಪಟ್ಟಿ ಬೇಕಂತೆ, ಕೊಟ್ಟಿಲ್ಲ.